ಹೂಗೊ ಷಿಫ್: ಹೆಸರೊಂದು ರೂಢನಾಮವಾದ ಬಗೆ

೧

ನಮ್ಮ ವ್ಯಾಕರಣಗಳು ನಾಮಪದವನ್ನು ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ವಿಂಗಡಿಸುತ್ತವೆ. ವ್ಯಕ್ತಿಯೊಬ್ಬನಿಗೆ ಇಟ್ಟ ಅಂಕಿತನಾಮವು ಕಾಲಕ್ರಮದಲ್ಲಿ ಆ ವ್ಯಕ್ತಿಯನ್ನೇ ಮರೆಸಿ, ಒಂದು ವರ್ಗಕ್ಕೆಲ್ಲ ಸಲ್ಲುವ ರೂಢನಾಮವಾಗಿಬಿಡುವುದು ವಿಜ್ಞಾನದ ಭಾಷೆಯಲ್ಲಿ ಅಪರೂಪವಲ್ಲ. ರಸಾಯನಶಾಸ್ತ್ರದಲ್ಲಿ ಅಂಥ ಹೆಸರುಗಳಲ್ಲಿ ಒಂದು ಷಿಫ್. ಧಾರವಾಡ, ಮೈಸೂರು, ಕಲಬುರಗಿಗಳ ವಿಶ್ವವಿದ್ಯಾಲಯಗಳಲ್ಲಿ ನಿರವಯವ ರಸಾಯನಶಾಸ್ತ್ರದ ಮಹಾಪ್ರಬಂಧಗಳ ಸಾಲನ್ನು ನೋಡಿದವರಿಗೆ ಷಿಫ್ ಪ್ರತ್ಯಾಮ್ಲಗಳು ಮತ್ತು ಅವುಗಳ ಲೋಹ ಸಂಕೀರ್ಣಗಳು ಎಂಬ ಅರ್ಥದ ಶೀರ್ಷಿಕೆಗಳು ಮೇಲಿಂದ ಮೇಲೆ ಕಾಣಸಿಗುತ್ತವೆ. ಜೀವವಿಜ್ಞಾನದ ವಿದ್ಯಾರ್ಥಿಗಳಿಗೆ ಷಿಫ್ ಕಾರಕದ ಪರಿಚಯವಿದೆ. ಆದರೆ ಈ ಹೆಸರನ್ನು ಹೊತ್ತ ಮನುಷ್ಯನೊಬ್ಬನಿದ್ದ, ಅವನು ಹುಟ್ಟಿದ ನಾಡನ್ನು ಬಿಟ್ಟು ಬೇರೊಂದು ನಾಡಿನಲ್ಲಿ, ಬೇರೊಂದು ನುಡಿಯಲ್ಲಿ ಬಾಳಿದ ಎಂಬ ಸಂಗತಿ ಅವರಲ್ಲಿ ಅನೇಕರ ಗಮನಕ್ಕೆ ಬಂದಿರುವುದಿಲ್ಲ.

ಕನ್ನಡ ವಿಭಾಗದ ಸಂಪುಟವೊಂದರಲ್ಲಿ ಜರ್ಮನ್ ರಸಾಯನ ವಿಜ್ಞಾನಿಯೊಬ್ಬನ ಜೀವನವೃತ್ತಾಂತಕ್ಕೆ ಎಡೆಯೇನು ಎಂಬ ಪ್ರಶ್ನೆ ಸಹಜ. ಷಿಫ್‌ನ ಬಾಳಿನಲ್ಲಿ ಎರಡು ಸಂಗತಿಗಳು ನಮ್ಮಂಥ ಭಾಷಾಭ್ಯಾಸಿಗಳನ್ನು ನಿಲ್ಲಿಸಿ ಯೋಚಿಸುವಂತೆ ಮಾಡುತ್ತವೆ. ಒಂದು, ವಸ್ತು ಕೈಯಲ್ಲಿದ್ದರೂ ಅದನ್ನು ವಿವರಿಸುವ ಪರಿಭಾಷೆ ಇಲ್ಲದಿದ್ದಾಗ ವಿಜ್ಞಾನ ಎಲ್ಲಿ ತಡೆದು ನಿಲ್ಲುತ್ತದೆ ಎಂಬುದು. ಇನ್ನೊಂದು, ಅಂದಿನ ರಸಾಯನಶಾಸ್ತ್ರದ ಪ್ರಬಲ ಭಾಷೆಯಲ್ಲಿ ಹುಟ್ಟಿ ಬೆಳೆದವನು ಆ ಶಾಸ್ತ್ರವನ್ನು ಮತ್ತೊಂದು ದೇಶಭಾಷೆಯಲ್ಲಿ ನೆಲೆಗೊಳಿಸುವ ಕೆಲಸಕ್ಕೆ ಕೈಜೋಡಿಸಿದ್ದು.

೨

ಹೂಗೊ ಷಿಫ್ ಹುಟ್ಟಿದ್ದು ೧೮೩೪ರ ಏಪ್ರಿಲ್ ೨೬ರಂದು, ಮೈನ್ ನದಿಯ ದಂಡೆಯ ಫ್ರಾಂಕ್‌ಫರ್ಟ್ ನಗರದಲ್ಲಿ. ಅವನದು ಯಹೂದಿ ಮನೆತನ. ಷಿಫ್ ಎಂಬ ಪದಕ್ಕೆ ಜರ್ಮನ್ ಭಾಷೆಯಲ್ಲಿ ಹಡಗು ಎಂದು ಅರ್ಥ. ನೆಲೆ ಬದಲಿಸುತ್ತ ಸಾಗಿದ ಈ ಮನುಷ್ಯನ ಬಾಳಿಗೆ ಆ ಹೆಸರು ಅನ್ವರ್ಥವೂ ಆಯಿತು. ಅಣ್ಣ ಮೋರಿಟ್ಸ್ ಷಿಫ್ ಹನ್ನೊಂದು ವರ್ಷ ಹಿರಿಯ. ಶರೀರಕ್ರಿಯಾಶಾಸ್ತ್ರದ ಇತಿಹಾಸದಲ್ಲಿ ತನ್ನದೇ ಆದ ಸ್ಥಾನವುಳ್ಳ ವಿದ್ವಾಂಸ. ೧೮೪೮ ಮತ್ತು ೧೮೪೯ರಲ್ಲಿ ಜರ್ಮನ್ ಸಂಸ್ಥಾನಗಳಲ್ಲೆಲ್ಲ ಪ್ರಜಾಸತ್ತೆಯ ಬೇಡಿಕೆಯ ದಂಗೆಗಳೆದ್ದಾಗ ಮೋರಿಟ್ಸ್ ಬಾಡೆನ್‌ನ ಕ್ರಾಂತಿಕಾರಿ ಪಡೆಯಲ್ಲಿ ಶಸ್ತ್ರವೈದ್ಯನಾಗಿ ಸೇವೆ ಸಲ್ಲಿಸಿದ್ದ. ದಂಗೆ ಸೋತಿತು. ಆ ಕಳಂಕ ಅವನನ್ನು ಬಿಡಲಿಲ್ಲ. ಗಟ್ಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಬೋಧಿಸುವ ಅವಕಾಶ ಅವನ ಪಾಲಿಗೆ ಮುಚ್ಚಿಹೋಯಿತು. ಅವನು ಸ್ವಿಟ್ಜರ್ಲೆಂಡಿನ ಬರ್ನ್ ನಗರಕ್ಕೆ ಹೋಗಿ ಪ್ರಾಧ್ಯಾಪಕನಾದ.

ತಮ್ಮ ಹೂಗೊ ಅದೇ ಗಟ್ಟಿಂಗೆನ್‌ನಲ್ಲಿ ಫ್ರೀಡ್ರಿಷ್ ವೋಲರ್‌ನ ಶಿಷ್ಯನಾದ. ೧೮೨೮ರಲ್ಲಿ ಪ್ರಯೋಗಶಾಲೆಯಲ್ಲಿ ಯೂರಿಯವನ್ನು ತಯಾರಿಸಿ, ಜೀವಿಗಳ ದೇಹದಲ್ಲಿ ದೊರೆಯುವ ವಸ್ತುವನ್ನು ಜೀವಿಯ ನೆರವಿಲ್ಲದೆಯೂ ಪಡೆಯಬಹುದೆಂದು ತೋರಿಸಿದ ವೋಲರ್ ಆಗ ಯೂರೋಪಿನ ಹಿರಿಯ ರಸಾಯನ ವಿಜ್ಞಾನಿಗಳ ಸಾಲಿನಲ್ಲಿದ್ದ. ೧೮೫೭ರಲ್ಲಿ ಹೂಗೊ ಡಾಕ್ಟರ್ ಪದವಿ ಪಡೆದ. ಅವನ ರಾಜಕೀಯ ಒಲವೂ ಅಣ್ಣನದರಂತೆಯೇ ಉದಾರವಾದದ್ದು. ಮುಂದೆ ಅದು ಸಮಾಜವಾದದ ಕಡೆಗೆ ಹರಿಯಿತು. ಇಂಥ ನಿಲುವಿನವನಿಗೆ, ಅದರಲ್ಲಿಯೂ ಯಹೂದಿ ಯುವಕನಿಗೆ, ಅಂದಿನ ಜರ್ಮನ್ ವಿಶ್ವವಿದ್ಯಾಲಯಗಳಲ್ಲಿ ಮೇಲೇರುವ ದಾರಿ ಕಿರಿದಾಗಿತ್ತು. ಅಣ್ಣನ ಹಾದಿ ಹಿಡಿದು ಅವನೂ ಬರ್ನ್‌ಗೆ ತೆರಳಿದ. ೧೮೬೩ರಲ್ಲಿ ಮೋರಿಟ್ಸ್‌ಗೆ ಇಟಲಿಯ ಫ್ಲಾರೆನ್ಸ್‌ನಿಂದ ಕರೆ ಬಂದಾಗ ಅದೇ ಸುಮಾರಿಗೆ ಹೂಗೊ ಕೂಡ ಆಲ್ಪ್ಸ್ ಪರ್ವತವನ್ನು ದಾಟಿದ. ಮೊದಲು ಪೀಸಾ, ಅನಂತರ ಫ್ಲಾರೆನ್ಸ್. ಆಗ ಅವನಿಗೆ ಮೂವತ್ತು ತುಂಬಿರಲಿಲ್ಲ.

ಈ ಹೊತ್ತಿನಲ್ಲಿ ಕನ್ನಡಿಗರಿಗೆ ಇನ್ನೊಬ್ಬ ಜರ್ಮನನ ನೆನಪಾಗುವುದು ಸಹಜ. ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ್ದು ೧೮೩೨ರಲ್ಲಿ, ಷಿಫ್‌ಗಿಂತ ಎರಡೇ ವರ್ಷ ಮೊದಲು. ಅವನು ೧೮೫೩ರಲ್ಲಿ ಭಾರತಕ್ಕೆ ಬಂದು, ದಶಕಗಳ ದುಡಿಮೆಯ ಬಳಿಕ ೧೮೯೪ರಲ್ಲಿ ಕನ್ನಡ ನಿಘಂಟನ್ನು ಹೊರತಂದ. ಇಬ್ಬರ ಉದ್ದೇಶ ಬೇರೆ, ಕ್ಷೇತ್ರ ಬೇರೆ. ಒಬ್ಬ ಧರ್ಮಪ್ರಚಾರಕ್ಕೆಂದು ಬಂದವನು, ಇನ್ನೊಬ್ಬ ರಾಜಕೀಯದ ಇಕ್ಕಟ್ಟಿನಿಂದ ಹೊರಟವನು. ಆದರೂ ಒಂದೇ ತಲೆಮಾರಿನ ಇಬ್ಬರು ಜರ್ಮನರು ಪರನುಡಿಯನ್ನು ತಮ್ಮ ವಿದ್ವತ್ತಿನ ಕರ್ಮಭೂಮಿಯಾಗಿಸಿಕೊಂಡದ್ದರಲ್ಲಿ ಒಂದು ಸಾದೃಶ್ಯವಿದೆ. ಕಿಟ್ಟೆಲ್ ಕೊನೆಗೆ ತಾಯ್ನಾಡಿಗೆ ಮರಳಿ ಅಲ್ಲಿಯೇ ತೀರಿಕೊಂಡ. ಷಿಫ್ ಇಟಲಿಯ ಮಣ್ಣಿನಲ್ಲಿಯೇ ಉಳಿದ.

೩

ಷಿಫ್ ಇಟಲಿಗೆ ಬಂದ ಹೊತ್ತಿನಲ್ಲಿ ಯೂರೋಪಿನ ರಸಾಯನಶಾಸ್ತ್ರದ ಕೇಂದ್ರದಲ್ಲಿದ್ದ ವಸ್ತು ಅನಿಲೀನ್. ಕಲ್ಲಿದ್ದಲ ಟಾರಿನಿಂದ ದೊರೆಯುವ ಈ ಎಣ್ಣೆಯಂಥ ದ್ರವವನ್ನು ಆಧಾರವಾಗಿಟ್ಟುಕೊಂಡು ೧೮೫೬ರಲ್ಲಿ ಇಂಗ್ಲೆಂಡಿನ ಹದಿಹರೆಯದ ವಿಲಿಯಂ ಪರ್ಕಿನ್ ನೇರಳೆ ಬಣ್ಣವೊಂದನ್ನು ತಯಾರಿಸಿದ್ದ. ೧೮೫೯ರಲ್ಲಿ ಫ್ರಾನ್ಸಿನಲ್ಲಿ ಫುಕ್ಸೀನ್ ಎಂಬ ಕಡುಗೆಂಪು ಬಣ್ಣ ಬಂದಿತು. ಅದೇ ವರ್ಷ ಇಟಲಿಯ ಏಕೀಕರಣದ ಹೋರಾಟದಲ್ಲಿ ನಡೆದ ಮೆಜೆಂಟಾ ಕದನದ ನೆನಪಿಗಾಗಿ ಅದಕ್ಕೆ ಮೆಜೆಂಟಾ ಎಂಬ ಹೆಸರೂ ಬಿತ್ತು. ಕೃತಕ ಬಣ್ಣಗಳ ಹೊಸ ಉದ್ಯಮ ಅನಿಲೀನನ್ನು ಎಲ್ಲ ಪ್ರಯೋಗಶಾಲೆಗಳ ಮೇಜಿಗೂ ತಂದಿತ್ತು.

ಅನಿಲೀನ್ ಒಂದು ಅಮೀನ್; ಎಂದರೆ ಅಮೋನಿಯದ ಒಂದು ಹೈಡ್ರೊಜನ್ ಪರಮಾಣುವಿನ ಜಾಗದಲ್ಲಿ ಕಾರ್ಬನ್ನಿನ ಗುಂಪೊಂದು ಕುಳಿತಿರುವ ಸಂಯುಕ್ತ. ಷಿಫ್ ಅದನ್ನು ಆಲ್ಡಿಹೈಡ್‌ಗಳೊಂದಿಗೆ ಬೆರೆಸಿ ನೋಡಿದ. ಆಲ್ಡಿಹೈಡ್‌ಗಳು ನಮಗೆ ಅಪರಿಚಿತವಲ್ಲ. ದಾಲ್ಚಿನ್ನಿಯ ಪರಿಮಳ, ಕಹಿ ಬಾದಾಮಿಯ ವಾಸನೆ ಇವುಗಳಿಗೆ ಮುಖ್ಯ ಕಾರಣ ಆಲ್ಡಿಹೈಡ್‌ಗಳೇ. ಎರಡೂ ಸೇರಿದಾಗ ಆಲ್ಡಿಹೈಡಿನ ಆಕ್ಸಿಜನ್ ಪರಮಾಣು ಅಮೀನಿನ ಎರಡು ಹೈಡ್ರೊಜನ್ ಪರಮಾಣುಗಳನ್ನು ಕೂಡಿಕೊಂಡು ನೀರಾಗಿ ಹೊರಬೀಳುತ್ತದೆ. ತೆರವಾದ ಕಾರ್ಬನ್ ಮತ್ತು ನೈಟ್ರೋಜನ್‌ಗಳ ನಡುವೆ ದ್ವಿಬಂಧವೊಂದು ಏರ್ಪಡುತ್ತದೆ. ಷಿಫ್ ಒಂದಲ್ಲ, ಹಲವು ಆಲ್ಡಿಹೈಡ್‌ಗಳೊಂದಿಗೆ ಈ ಪ್ರಯೋಗವನ್ನು ಮಾಡಿದ. ಎಲ್ಲ ಕಡೆಯಲ್ಲಿಯೂ ನೀರು ಕಳೆದು ಹೊಸ ಸಂಯುಕ್ತ ಬಂದಿತು. ೧೮೬೪ರಲ್ಲಿ ಲೀಬಿಗ್‌ನ ಹೆಸರಿನೊಂದಿಗೆ ಪ್ರಸಿದ್ಧವಾಗಿದ್ದ ಅನ್ನಾಲೆನ್ ಎಂಬ ಜರ್ಮನ್ ಪತ್ರಿಕೆಯಲ್ಲಿ, ಪೀಸಾ ವಿಶ್ವವಿದ್ಯಾಲಯದ ಪ್ರಯೋಗಶಾಲೆಯ ವರದಿಯಾಗಿ, ಸಾವಯವ ಪ್ರತ್ಯಾಮ್ಲಗಳ ಹೊಸದೊಂದು ಶ್ರೇಣಿಯನ್ನು ಅವನು ಲೋಕಕ್ಕೆ ತಿಳಿಸಿದ.

ಇಲ್ಲಿ ಶ್ರೇಣಿ ಎಂಬುದು ಗಮನಿಸಬೇಕಾದ ಮಾತು. ಇಂಥ ಸಂಯುಕ್ತಗಳ ಬಿಡಿ ಉದಾಹರಣೆಗಳು ಅದಕ್ಕೂ ಮೊದಲೇ ಬೇರೆಯವರ ಕೈಗೆ ಸಿಕ್ಕಿದ್ದವು. ಆದರೆ ಅವೆಲ್ಲ ಒಂದೇ ಸೂತ್ರದ ಮಣಿಗಳೆಂದು ಕಂಡವನು ಷಿಫ್. ಹತ್ತು ಪ್ರಯೋಗಗಳನ್ನು ನೋಡಿ ಒಂದು ಸೂತ್ರವನ್ನು ರಚಿಸುವ ವೈಯಾಕರಣನ ಕೆಲಸಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ.

ಎರಡು ವರ್ಷಗಳ ತರುವಾಯ, ೧೮೬೬ರಲ್ಲಿ, ಅವನ ಎರಡನೆಯ ಪ್ರಸಿದ್ಧ ಶೋಧ ಬೆಳಕಿಗೆ ಬಂದಿತು. ಫುಕ್ಸೀನಿನ ದ್ರಾವಣಕ್ಕೆ ಸಲ್ಫರ್ ಡೈಆಕ್ಸೈಡನ್ನು ಹಾಯಿಸಿದರೆ ಅದರ ಕಡುಗೆಂಪು ಅಳಿಸಿಹೋಗಿ ದ್ರಾವಣ ವರ್ಣರಹಿತವಾಗುತ್ತದೆ. ಆ ದ್ರಾವಣಕ್ಕೆ ಆಲ್ಡಿಹೈಡಿನ ಒಂದೆರಡು ಹನಿ ಬಿದ್ದರೆ ಕೆನ್ನೇರಳೆ ಬಣ್ಣ ಕಾಣಿಸಿಕೊಳ್ಳುತ್ತದೆ. ಆಲ್ಡಿಹೈಡನ್ನು ಗುರುತಿಸಲು ಇದಕ್ಕಿಂತ ಸರಳವಾದ, ಕಣ್ಣಿಗೆ ಕಟ್ಟುವ ಪರೀಕ್ಷೆ ದುರ್ಲಭ. ಇಂದಿಗೂ ಪದವಿ ತರಗತಿಗಳ ಪ್ರಯೋಗಪುಸ್ತಕಗಳಲ್ಲಿ ಷಿಫ್ ಪರೀಕ್ಷೆ ಸ್ಥಾನ ಪಡೆದಿದೆ.

೪

ಷಿಫ್‌ನ ಹೆಸರು ಇಂದು ಹೆಚ್ಚಾಗಿ ಕೇಳಿಬರುವುದು ಲೋಹ ಸಂಕೀರ್ಣಗಳ ಸಂದರ್ಭದಲ್ಲಿ. ಆ ಕಥೆ ಅವನಿಗಿಂತ ಮೊದಲೇ ಆರಂಭವಾಗುತ್ತದೆ. ೧೮೪೦ರಲ್ಲಿ ಎಟ್ಲಿಂಗ್ ಎಂಬ ಜರ್ಮನ್ ರಸಾಯನ ವಿಜ್ಞಾನಿ ತಾಮ್ರದ ಅಸಿಟೇಟ್, ಸ್ಯಾಲಿಸಿಲಾಲ್ಡಿಹೈಡ್ ಮತ್ತು ಅಮೋನಿಯ ಈ ಮೂರನ್ನು ಸೇರಿಸಿ ಕಡುಹಸಿರು ಹರಳುಗಳನ್ನು ಪಡೆದಿದ್ದ. ಆಲ್ಡಿಹೈಡ್ ಮತ್ತು ಅಮೋನಿಯ ಸೇರಿ ಆದ ಸಂಯುಕ್ತ ತಾಮ್ರವನ್ನು ಹಿಡಿದಿಟ್ಟುಕೊಂಡಿದ್ದ ವಸ್ತು ಅದು. ೧೮೬೦ರ ದಶಕದ ಕೊನೆಗೆ ಷಿಫ್ ಈ ಜಾಡನ್ನು ಹಿಡಿದು, ಅಮೋನಿಯದ ಬದಲು ಅನಿಲೀನ್ ಮುಂತಾದ ಅಮೀನ್‌ಗಳನ್ನು ಬಳಸಿ ಅಂಥ ಲೋಹಸಂಯುಕ್ತಗಳನ್ನು ತಯಾರಿಸಿದ. ಲೋಹದ ಒಂದು ಪರಮಾಣುವಿಗೆ ಸಾವಯವ ಭಾಗದ ಎರಡು ಅಣುಗಳು ಎಂಬ ಪ್ರಮಾಣವನ್ನು ಅವನು ಸ್ಥಿರಪಡಿಸಿದ.

ಪ್ರಮಾಣವೇನೋ ಸಿಕ್ಕಿತು, ರಚನೆ ಸಿಗಲಿಲ್ಲ. ಆ ಕಾಲದ ವೇಲೆನ್ಸಿಯ ಕಲ್ಪನೆಯಂತೆ ತಾಮ್ರಕ್ಕೆ ಎರಡೇ ಕೈಗಳು. ಎರಡು ಅಣುಗಳ ಆಕ್ಸಿಜನ್ ಪರಮಾಣುಗಳನ್ನು ಹಿಡಿದರೆ ಆ ಎರಡೂ ಕೈ ಮುಗಿದುವು. ಹಾಗಾದರೆ ಪಕ್ಕದಲ್ಲಿಯೇ ಇರುವ ನೈಟ್ರೋಜನ್‌ಗೂ ತಾಮ್ರಕ್ಕೂ ಸಂಬಂಧವಿದೆಯೇ, ಇದ್ದರೆ ಅದು ಯಾವ ಬಗೆಯದು ಎಂದು ಕೇಳುವುದಕ್ಕೆ ಬೇಕಾದ ಪದಗಳೇ ಅಂದಿನ ಶಾಸ್ತ್ರದಲ್ಲಿ ಇರಲಿಲ್ಲ. ಹರಳು ಕಣ್ಣ ಮುಂದಿತ್ತು, ತೂಕ ಸಿಕ್ಕಿತ್ತು, ಬಣ್ಣ ಕಾಣುತ್ತಿತ್ತು. ಆದರೆ ಅದರ ಅರ್ಥವನ್ನು ಹಿಡಿಯುವ ನುಡಿ ಹುಟ್ಟಿರಲಿಲ್ಲ.

ಆ ನುಡಿಯನ್ನು ಕೊಟ್ಟವನು ಆಲ್‌ಫ್ರೆಡ್ ವೆರ್ನರ್. ೧೮೯೩ರಲ್ಲಿ, ತನ್ನ ಇಪ್ಪತ್ತಾರನೆಯ ವಯಸ್ಸಿನಲ್ಲಿ, ಲೋಹಕ್ಕೆ ಒಂದಲ್ಲ ಎರಡು ಬಗೆಯ ವೇಲೆನ್ಸಿಗಳುಂಟೆಂದು ಅವನು ಪ್ರತಿಪಾದಿಸಿದ. ಮೊದಲನೆಯದು ಲೋಹದ ವಿದ್ಯುದಂಶಕ್ಕೆ ಸಂಬಂಧಿಸಿದ್ದು. ಎರಡನೆಯದು ಅದರ ಸುತ್ತ ನಿರ್ದಿಷ್ಟ ಸಂಖ್ಯೆಯಲ್ಲಿ, ನಿರ್ದಿಷ್ಟ ದಿಕ್ಕುಗಳಲ್ಲಿ ನೆರೆಯುವ ಪರಮಾಣುಗಳಿಗೆ ಸಂಬಂಧಿಸಿದ್ದು. ಕೋಆರ್ಡಿನೇಷನ್ ರಸಾಯನಶಾಸ್ತ್ರ ಎಂಬ ಶಾಖೆ ಅಲ್ಲಿಂದ ತೊಡಗುತ್ತದೆ. ೧೯೧೩ರಲ್ಲಿ ವೆರ್ನರ್‌ಗೆ ನೊಬೆಲ್ ಪಾರಿತೋಷಕ ದೊರೆಯಿತು. ಈ ಹೊಸ ನೋಟದಿಂದ ನೋಡಿದಾಗ ಷಿಫ್‌ನ ತಾಮ್ರದ ಸಂಯುಕ್ತ ತಾನಾಗಿಯೇ ತೆರೆದುಕೊಳ್ಳುತ್ತದೆ. ತಾಮ್ರದ ಸುತ್ತ ನಾಲ್ಕು ನೆಲೆಗಳು. ಪ್ರತಿಯೊಂದು ಸಾವಯವ ಅಣುವೂ ಒಂದು ಆಕ್ಸಿಜನ್ ಮತ್ತು ಒಂದು ನೈಟ್ರೋಜನ್ ಮೂಲಕ ಎರಡೆರಡು ನೆಲೆಗಳನ್ನು ತುಂಬುತ್ತದೆ. ಏಡಿ ತನ್ನ ಇಕ್ಕುಳದಿಂದ ವಸ್ತುವನ್ನು ಹಿಡಿದಂತೆ ಅಣು ಲೋಹವನ್ನು ಹಿಡಿಯುತ್ತದೆ. ಹೀಗೆ ಲೋಹಕ್ಕೆ ಕಟ್ಟಿಕೊಳ್ಳುವ ಅಣುವನ್ನು ಲಿಗ್ಯಾಂಡ್ ಎನ್ನುತ್ತಾರೆ. ಷಿಫ್ ಪ್ರತ್ಯಾಮ್ಲದ ದ್ವಿಬಂಧದಲ್ಲಿರುವ ನೈಟ್ರೋಜನ್, ತನ್ನಲ್ಲಿ ಬಿಡುವಾಗಿರುವ ಇಲೆಕ್ಟ್ರಾನ್ ಜೋಡಿಯನ್ನು ಲೋಹದೊಡನೆ ಹಂಚಿಕೊಳ್ಳಬಲ್ಲದು. ತಾಮ್ರ, ನಿಕಲ್, ಕೋಬಾಲ್ಟ್, ಮ್ಯಾಂಗನೀಸ್, ವೆನೇಡಿಯಂ ಮುಂತಾದ ಸಂಕ್ರಮಣ ಲೋಹಗಳು ಅದನ್ನು ಸ್ವೀಕರಿಸಬಲ್ಲವು.

ಈ ಸಂಯುಕ್ತಗಳ ವ್ಯವಸ್ಥಿತ ಅಧ್ಯಯನ ನಡೆದದ್ದು ೧೯೩೦ರ ದಶಕದಲ್ಲಿ, ಬಾನ್ ನಗರದಲ್ಲಿ. ನಡೆಸಿದವನು ಪಾವುಲ್ ಫೈಫರ್. ಅವನು ವೆರ್ನರ್‌ನ ಶಿಷ್ಯನೇ ಆಗಿದ್ದುದು ಆಕಸ್ಮಿಕವಲ್ಲ. ಗುರು ಕಟ್ಟಿಕೊಟ್ಟ ಪರಿಭಾಷೆ ಶಿಷ್ಯನ ಕೈಯಲ್ಲಿ, ಷಿಫ್ ಮುಟ್ಟಿ ಬಿಟ್ಟಿದ್ದ ವಸ್ತುವಿಗೆ ಒದಗಿತು. ೧೯೩೮ರಲ್ಲಿ ಜಪಾನಿನ ತ್ಸುಮಾಕಿ, ಕೋಬಾಲ್ಟಿನ ಇಂಥ ಸಂಕೀರ್ಣವೊಂದು ಗಾಳಿಯ ಆಕ್ಸಿಜನನ್ನು ಹೀರಿಕೊಂಡು ಮತ್ತೆ ಬಿಟ್ಟುಕೊಡುತ್ತದೆ ಎಂಬುದನ್ನು ತೋರಿಸಿದ. ನಮ್ಮ ರಕ್ತದ ಹೀಮೋಗ್ಲೋಬಿನ್ ಮಾಡುವ ಕೆಲಸವನ್ನು ಸರಳವಾದ ಸಂಯುಕ್ತವೊಂದು ಮಾಡಿ ತೋರಿಸಿದಂತಾಯಿತು. ೧೯೬೬ರಲ್ಲಿ ಈ ಕ್ಷೇತ್ರದ ಸಮಗ್ರ ಸಮೀಕ್ಷೆಯೊಂದು ಪ್ರಕಟವಾದಾಗ ಅದರ ಮೂವರು ಲೇಖಕರಲ್ಲಿ ಅನಿಮೇಶ್ ಚಕ್ರವರ್ತಿ ಎಂಬ ಭಾರತೀಯ ವಿಜ್ಞಾನಿಯೂ ಇದ್ದರು. ಭಾರತದ ವಿಶ್ವವಿದ್ಯಾಲಯಗಳಲ್ಲಿ ಈ ವಿಷಯ ಬೇರೂರುವುದಕ್ಕೆ ಕಾರಣಗಳೂ ಇದ್ದುವು. ದುಬಾರಿ ಸಾಮಗ್ರಿ ಬೇಡ. ಆಲ್ಡಿಹೈಡ್, ಅಮೀನ್, ಲೋಹದ ಲವಣ, ಆಲ್ಕೊಹಾಲ್ ಇದ್ದರೆ ಸಾಮಾನ್ಯ ಪ್ರಯೋಗಶಾಲೆಯಲ್ಲಿಯೂ ಕೆಲಸ ತೊಡಗಬಹುದು.

೫

ಮತ್ತೆ ಷಿಫ್‌ನ ಬಾಳಿಗೆ ಮರಳೋಣ. ಅವನು ಫ್ಲಾರೆನ್ಸ್‌ನಲ್ಲಿ ನೆಲೆಸಿದ ಕಾಲ ಆ ನಗರದ ಇತಿಹಾಸದಲ್ಲಿ ವಿಶಿಷ್ಟವಾದುದು. ೧೮೬೧ರಲ್ಲಿ ಇಟಲಿ ಒಂದು ರಾಜ್ಯವೆಂದು ಘೋಷಿತವಾಗಿತ್ತು. ೧೮೬೫ರಿಂದ ೧೮೭೧ರವರೆಗೆ ಫ್ಲಾರೆನ್ಸ್ ಅದರ ರಾಜಧಾನಿ. ಹಲವು ಸಂಸ್ಥಾನಗಳಲ್ಲಿ ಹರಿದು ಹಂಚಿಹೋಗಿದ್ದ ಒಂದೇ ಭಾಷೆಯ ಜನ ಒಂದು ಆಡಳಿತದ ಕೆಳಗೆ ಬಂದ ಆ ಸಂದರ್ಭದ ಉತ್ಸಾಹ ಎಂಥದೆಂಬುದನ್ನು ೧೯೫೬ರ ಏಕೀಕರಣವನ್ನು ಕಂಡ ಕನ್ನಡ ನಾಡಿಗೆ ವಿವರಿಸಬೇಕಾಗಿಲ್ಲ. ಹೊಸ ರಾಜ್ಯಕ್ಕೆ ಹೊಸ ವಿದ್ಯಾಸಂಸ್ಥೆಗಳು ಬೇಕಾಗಿದ್ದುವು. ಅಂದಿನ ಫ್ಲಾರೆನ್ಸ್‌ನ ಉನ್ನತ ಅಧ್ಯಯನ ಸಂಸ್ಥೆಗೆ ಸೇರಿದ ಪ್ರಕೃತಿವಿಜ್ಞಾನ ವಸ್ತುಸಂಗ್ರಹಾಲಯದ ಪ್ರಯೋಗಶಾಲೆ ಷಿಫ್‌ನ ಕರ್ಮಶಾಲೆಯಾಯಿತು. ಮೇಣದಲ್ಲಿ ಎರಕ ಹೊಯ್ದ ಶರೀರರಚನೆಯ ಮಾದರಿಗಳಿಗೆ ಹೆಸರಾದ ಆ ಹಳೆಯ ಕಟ್ಟಡದಲ್ಲಿ ಅವನು ಇಟಾಲಿಯನ್ ಭಾಷೆಯಲ್ಲಿ ರಸಾಯನಶಾಸ್ತ್ರದ ಉಪನ್ಯಾಸಗಳನ್ನು ನಡೆಸಿದ. ಹೆಸರೂ ಬದಲಾಯಿತು. ಇಟಾಲಿಯನ್ನಿನಲ್ಲಿ ಹಕಾರದ ಉಚ್ಚಾರಣೆ ಇಲ್ಲ; ಹೂಗೊ ಷಿಫ್ ಅಲ್ಲಿ ಊಗೊ ಷಿಫ್ ಆದ. ನಮ್ಮ ವ್ಯಾಕರಣದ ಮಾತಿನಲ್ಲಿ ಇದೊಂದು ತದ್ಭವ.

ಆ ಕಾಲದ ರಸಾಯನಶಾಸ್ತ್ರದ ಮುಖ್ಯ ಭಾಷೆ ಜರ್ಮನ್. ಫ್ರೆಂಚ್ ಮತ್ತು ಇಂಗ್ಲಿಷ್ ಅದರ ಪಕ್ಕದಲ್ಲಿದ್ದುವು. ಇಟಲಿಯ ವಿಜ್ಞಾನಿಗಳು ತಮ್ಮ ಶೋಧಗಳನ್ನು ಪರಭಾಷೆಯ ಪತ್ರಿಕೆಗಳಿಗೆ ಕಳುಹಿಸಬೇಕಾಗಿತ್ತು. ಇಟಾಲಿಯನ್ನಿನಲ್ಲಿ ಬರೆದರೆ ಅವು ಪ್ರಾಂತೀಯ ಪತ್ರಿಕೆಗಳಲ್ಲಿ ಹೂತುಹೋಗುತ್ತಿದ್ದುವು. ಪರಮಾಣು ತೂಕಗಳ ಗೊಂದಲವನ್ನು ಬಗೆಹರಿಸಿದ ಸ್ತಾನಿಸ್ಲಾವೊ ಕಾನಿಜಾರೊ ಮತ್ತು ಇತರರು ೧೮೭೦ರಲ್ಲಿ ಫ್ಲಾರೆನ್ಸ್‌ನಲ್ಲಿ ಸೇರಿ ಇಟಾಲಿಯನ್ ಭಾಷೆಯ ರಸಾಯನ ಪತ್ರಿಕೆಯೊಂದನ್ನು ಹೊರಡಿಸಲು ನಿರ್ಧರಿಸಿದರು. ಸ್ಥಾಪಕರ ಸಾಲಿನಲ್ಲಿ ಜರ್ಮನ್ ಮಾತೃಭಾಷೆಯ ಷಿಫ್ ಕೂಡ ಇದ್ದ. ಗಾಜೆಟ್ಟಾ ಕೀಮಿಕಾ ಇಟಾಲಿಯಾನಾ ಎಂಬ ಆ ಪತ್ರಿಕೆ ೧೮೭೧ರಿಂದ ಹೊರಬರತೊಡಗಿತು. ಷಿಫ್ ತನ್ನ ಜರ್ಮನ್ ಬರವಣಿಗೆಯನ್ನೇನೂ ನಿಲ್ಲಿಸಲಿಲ್ಲ. ಎರಡು ಭಾಷೆಗಳ ನಡುವೆ ಸೇತುವೆಯಾಗಿ ನಿಂತ. ೧೮೭೬ರಲ್ಲಿ ವಸ್ತುಸಂಗ್ರಹಾಲಯದಲ್ಲಿ ನೀಡಿದ ಉಪನ್ಯಾಸಗಳ ಆಧಾರದ ಮೇಲೆ ರಸಾಯನಶಾಸ್ತ್ರದ ಪ್ರವೇಶಗ್ರಂಥವನ್ನು ಇಟಾಲಿಯನ್ನಿನಲ್ಲಿ ಪ್ರಕಟಿಸಿದ. ಪತ್ರಿಕೆ ವಿದ್ವಾಂಸರಿಗೆ, ಪಠ್ಯ ವಿದ್ಯಾರ್ಥಿಗಳಿಗೆ. ಭಾಷೆಯೊಂದರಲ್ಲಿ ಶಾಸ್ತ್ರ ನೆಲೆಗೊಳ್ಳಲು ಇವೆರಡೂ ಬೇಕು.

ಅದೇ ವರ್ಷ ಅವನು ತುರಿನ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕನಾಗಿ ಹೋದ. ಅಣ್ಣ ಮೋರಿಟ್ಸ್ ಕೂಡ ಅದೇ ವರ್ಷ ಫ್ಲಾರೆನ್ಸ್ ಬಿಟ್ಟ. ಪ್ರಾಣಿಗಳ ಮೇಲಿನ ಪ್ರಯೋಗಗಳನ್ನು ವಿರೋಧಿಸಿದವರ ಚಳವಳಿ ಅವನನ್ನು ವರ್ಷಗಳ ಕಾಲ ಕಾಡಿತ್ತು. ಮೋರಿಟ್ಸ್ ಜಿನೀವಕ್ಕೆ ಹೋಗಿ ಮರಳಲಿಲ್ಲ. ಹೂಗೊ ೧೮೭೯ರಲ್ಲಿ ಫ್ಲಾರೆನ್ಸ್‌ಗೆ ಹಿಂದಿರುಗಿ ಸಾಮಾನ್ಯ ರಸಾಯನಶಾಸ್ತ್ರದ ಪೀಠವನ್ನು ವಹಿಸಿಕೊಂಡು ಕೊನೆಯವರೆಗೂ ಅಲ್ಲಿಯೇ ದುಡಿದ. ಟ್ಯಾನಿನ್, ಗ್ಲೂಕೋಸೈಡ್‌ಗಳು, ಅಮೈನೊ ಆಮ್ಲಗಳು ಹೀಗೆ ಅವನ ಆಸಕ್ತಿಯ ವಿಸ್ತಾರ ದೊಡ್ಡದು. ಸಾವಯವ ಸಂಯುಕ್ತದಲ್ಲಿನ ನೈಟ್ರೋಜನನ್ನು ಅನಿಲರೂಪದಲ್ಲಿ ಸಂಗ್ರಹಿಸಿ ಅಳೆಯುವ ಷಿಫ್ ನೈಟ್ರೊಮೀಟರ್ ಎಂಬ ಗಾಜಿನ ಉಪಕರಣವೂ ಅವನ ಹೆಸರಿನದೇ. ಅಮೈನೊ ಆಮ್ಲಕ್ಕೆ ಫಾರ್ಮಾಲ್ಡಿಹೈಡನ್ನು ಸೇರಿಸಿದರೆ ಅದರ ಪ್ರತ್ಯಾಮ್ಲಗುಣ ಅಡಗಿ ಆಮ್ಲಗುಣವನ್ನು ಅಳೆಯುವುದು ಸಾಧ್ಯವಾಗುತ್ತದೆ ಎಂಬ ಅವನ ಅವಲೋಕನವನ್ನು ೧೯೦೭ರಲ್ಲಿ ಡೆನ್ಮಾರ್ಕಿನ ಸೋರೆನ್‌ಸೆನ್ ಒಂದು ಕ್ರಮಬದ್ಧ ವಿಧಾನವಾಗಿ ಬೆಳೆಸಿದ.

ಜೀವನಚರಿತ್ರೆ ಗುಣಗಳ ಪಟ್ಟಿಯಷ್ಟೇ ಆಗಬಾರದು. ಷಿಫ್‌ಗೆ ಸೋಲುಗಳೂ ಇದ್ದುವು. ೧೮೭೦ರ ಸುಮಾರಿಗೆ ಅವನು ಹೆಮ್‌ಲಾಕ್ ಗಿಡದ ವಿಷವಾದ ಕೊನೀನನ್ನು ಪ್ರಯೋಗಶಾಲೆಯಲ್ಲಿ ಸಂಶ್ಲೇಷಿಸಿದುದಾಗಿ ಪ್ರಕಟಿಸಿದ. ಸಾಕ್ರಟೀಸನ ಪ್ರಾಣ ತೆಗೆದ ವಿಷವದು. ಗಿಡವೊಂದರ ಆಲ್ಕಲಾಯ್ಡನ್ನು ಮೊದಲ ಬಾರಿಗೆ ಮನುಷ್ಯ ತಯಾರಿಸಿದನೆಂದರೆ ದೊಡ್ಡ ಸುದ್ದಿ. ಆದರೆ ಅವನು ಪಡೆದದ್ದು ಕೊನೀನ್ ಆಗಿರಲಿಲ್ಲ, ಅದನ್ನು ಹೋಲುವ ಬೇರೊಂದು ವಸ್ತುವಾಗಿತ್ತು. ನಿಜವಾದ ಕೊನೀನಿನ ಸಂಶ್ಲೇಷಣೆಯ ಕೀರ್ತಿ ೧೮೮೬ರಲ್ಲಿ ಲಾಡೆನ್‌ಬುರ್ಗ್‌ಗೆ ಸಂದಿತು. ಸರಳವಾದ ಆಲ್ಡಿಹೈಡ್ ಮತ್ತು ಅಮೋನಿಯ ಸೇರಿಸಿದರೆ ಪ್ರಕೃತಿಯ ಜಟಿಲ ವಸ್ತುವೂ ಸಿಕ್ಕೀತೆಂಬ ಭರವಸೆ, ತನ್ನ ಹಳೆಯ ಯಶಸ್ಸಿನ ಸೂತ್ರದ ಮೇಲಿನ ಅತಿಯಾದ ನಂಬಿಕೆ, ಈ ತಪ್ಪಿಗೆ ಕಾರಣವಾಗಿದ್ದಿರಬಹುದು.

ಶಿಷ್ಯಪರಂಪರೆಯಲ್ಲಿ ಇಚೀಲಿಯೊ ಗ್ವಾರೆಸ್ಕಿ ಮತ್ತು ಮಾರಿಯೊ ಬೆಟ್ಟಿ ಎಂಬ ಇಬ್ಬರು ಹೆಸರು ಗಳಿಸಿದರು. ಬೆಟ್ಟಿಯ ಹೆಸರಿನ ರಾಸಾಯನಿಕ ಕ್ರಿಯೆ ಗುರುವಿನ ಪ್ರತ್ಯಾಮ್ಲಗಳಿಂದಲೇ ಕವಲೊಡೆದದ್ದು.

೧೯೧೫ರಲ್ಲಿ ಷಿಫ್ ಸೇವೆಯಿಂದ ನಿವೃತ್ತನಾದ. ಆ ವರ್ಷದ ಮೇ ತಿಂಗಳಲ್ಲಿ ಇಟಲಿ ಮೊದಲನೆಯ ಮಹಾಯುದ್ಧಕ್ಕೆ ಇಳಿದಿತ್ತು. ಅವನು ಹುಟ್ಟಿದ ನಾಡು ಒಂದು ಪಕ್ಷದಲ್ಲಿ, ಬಾಳಿದ ನಾಡು ಎದುರು ಪಕ್ಷದಲ್ಲಿ ನಿಂತಿದ್ದ ಆ ದಿನಗಳಲ್ಲಿಯೇ, ಸೆಪ್ಟೆಂಬರ್ ೮ರಂದು, ಎಂಬತ್ತೊಂದನೆಯ ವಯಸ್ಸಿನಲ್ಲಿ ಅವನು ಫ್ಲಾರೆನ್ಸ್‌ನಲ್ಲಿ ಕಣ್ಣುಮುಚ್ಚಿದ.

೬

ಷಿಫ್ ಸತ್ತ ಮೇಲೆ ಅವನ ಹೆಸರಿನ ಬಾಳು ಇನ್ನಷ್ಟು ವಿಸ್ತಾರಗೊಂಡಿತು. ೧೯೨೪ರಲ್ಲಿ ರಾಬರ್ಟ್ ಫಾಯ್ಲ್‌ಗೆನ್, ಜೀವಕೋಶದ ಡಿಎನ್‌ಎಯನ್ನು ಆಮ್ಲದಿಂದ ಮೆಲ್ಲಗೆ ಸಂಸ್ಕರಿಸಿ ಅಲ್ಲಿ ಆಲ್ಡಿಹೈಡ್ ಗುಂಪುಗಳು ತೆರೆದುಕೊಳ್ಳುವಂತೆ ಮಾಡಿ, ಷಿಫ್ ಕಾರಕದಿಂದ ಅದಕ್ಕೆ ಕೆನ್ನೇರಳೆ ಬಣ್ಣ ಹಚ್ಚಿದ. ೧೯೦೭ರಲ್ಲಿ ಹರ್ಮನ್ ಸ್ಟೌಡಿಂಗರ್ ಷಿಫ್ ಪ್ರತ್ಯಾಮ್ಲವೊಂದರಿಂದ ನಾಲ್ಕು ಪರಮಾಣುಗಳ ಬೀಟಾ ಲ್ಯಾಕ್ಟಮ್ ಉಂಗುರವನ್ನು ಕಟ್ಟಿದ್ದ. ಪೆನಿಸಿಲಿನ್ನಿನ ಹೃದಯಭಾಗದಲ್ಲಿರುವುದೂ ಅಂಥದೇ ಉಂಗುರವೆಂಬುದು ತಿಳಿದದ್ದು ದಶಕಗಳ ಅನಂತರ.

ಪ್ರಕೃತಿಯಂತೂ 'ಷಿಫ್' ಎಂಬ ಹೆಸರು ಹುಟ್ಟುವ ಮೊದಲಿನಿಂದಲೂ ಈ ಬಂಧವನ್ನು ಬಳಸುತ್ತಲೇ ಇದೆ. ನಾವು ಈ ಪುಟವನ್ನು ಓದುವುದು ಸಾಧ್ಯವಾಗಿರುವುದೇ ಕಣ್ಣಿನ ಪರದೆಯಲ್ಲಿ ರೆಟಿನಾಲ್ ಎಂಬ ಆಲ್ಡಿಹೈಡ್ ಪ್ರೋಟೀನಿನ ಅಮೀನ್ ಗುಂಪಿನೊಡನೆ ಷಿಫ್ ಪ್ರತ್ಯಾಮ್ಲವಾಗಿ ಕಟ್ಟಿಕೊಂಡಿರುವುದರಿಂದ. ಕಾವಲಿಯ ಮೇಲೆ ದೋಸೆ ಕೆಂಪಗಾಗಿ ಪರಿಮಳ ಬೀರುವಾಗ ಸಕ್ಕರೆ ಮತ್ತು ಅಮೈನೊ ಆಮ್ಲಗಳ ನಡುವೆ ನಡೆಯುವ ಕ್ರಿಯಾಸರಣಿಯ ಮೊದಲ ಹೆಜ್ಜೆಯೂ ಇದೇ. ಮಧುಮೇಹಿಗಳ ರಕ್ತದಲ್ಲಿ ಕೆಲವು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವ ಪರೀಕ್ಷೆಗೆ ಆಧಾರವಾದ ಬದಲಾವಣೆ, ಹೀಮೋಗ್ಲೋಬಿನ್ನಿಗೆ ಗ್ಲೂಕೋಸ್ ಮೊದಲು ಷಿಫ್ ಪ್ರತ್ಯಾಮ್ಲವಾಗಿ ಅಂಟಿಕೊಳ್ಳುವುದರಿಂದ ಆರಂಭವಾಗುತ್ತದೆ.

ಉದ್ಯಮದಲ್ಲಿಯೂ ಅದರ ಪಾತ್ರವುಂಟು. ವಾಹನಗಳ ಇಂಧನದಲ್ಲಿ ತಾಮ್ರದ ಅತ್ಯಲ್ಪ ಅಂಶ ಸೇರಿಕೊಂಡರೂ ಅದು ಇಂಧನದ ಉತ್ಕರ್ಷಣವನ್ನು ತ್ವರೆಗೊಳಿಸಿ ಅಂಟಿನಂಥ ಗಷ್ಟನ್ನು ಉಂಟುಮಾಡುತ್ತದೆ. ಸ್ಯಾಲಿಸಿಲಾಲ್ಡಿಹೈಡ್ ಮತ್ತು ಡೈಅಮೀನೊಂದರಿಂದಾದ ಷಿಫ್ ಪ್ರತ್ಯಾಮ್ಲವನ್ನು ಬಲು ಕಡಿಮೆ ಪ್ರಮಾಣದಲ್ಲಿ ಬೆರೆಸಿದರೆ ಅದು ತಾಮ್ರವನ್ನು ಇಕ್ಕುಳದಲ್ಲಿ ಹಿಡಿದು ನಿಷ್ಕ್ರಿಯಗೊಳಿಸುತ್ತದೆ. ಉತ್ತರ ಕರ್ನಾಟಕದಿಂದ ಅನೇಕ ಕುಟುಂಬಗಳು ದುಡಿಮೆಯನ್ನರಸಿ ಪುಣೆಯ ಕಡೆಗೆ ಹೋಗಿವೆ. ಆ ಜಿಲ್ಲೆಯ ಚಾಕಣ ಇಂದು ಮೋಟಾರು ವಾಹನಗಳ ತಯಾರಿಕೆಗೆ ಹೆಸರಾದ ಊರು. ಅಂಥ ವಾಹನಗಳ ಇಂಧನವನ್ನು ಕಾಯುವ ಮಿಶ್ರಣಗಳಲ್ಲಿಯೂ ೧೮೪೦ರ ಹಸಿರು ಹರಳಿನ ಪಾಠವೇ ಅಡಗಿದೆ ಎಂಬುದನ್ನು ನೆನೆದಾಗ, ಶುದ್ಧ ಶಾಸ್ತ್ರ ಮತ್ತು ಲೋಕೋಪಯೋಗ ಇವುಗಳ ನಡುವಣ ಹಾದಿ ಎಷ್ಟು ದೀರ್ಘವಾದುದೆಂಬುದು ಅರಿವಾಗುತ್ತದೆ. ೧೯೯೦ರಲ್ಲಿ ಅಮೆರಿಕದ ಜೇಕಬ್‌ಸೆನ್ ಮತ್ತು ಜಪಾನಿನ ಕಟ್ಸುಕಿ ಬೇರೆ ಬೇರೆಯಾಗಿ ಮ್ಯಾಂಗನೀಸಿನ ಇಂಥ ಸಂಕೀರ್ಣಗಳನ್ನು ಕ್ರಿಯಾವರ್ಧಕಗಳಾಗಿ ಬಳಸಿ, ಬಲ ಎಡ ಎಂಬಂತೆ ಪರಸ್ಪರ ಪ್ರತಿಬಿಂಬಗಳಾದ ಎರಡು ಅಣುರೂಪಗಳಲ್ಲಿ ಬೇಕಾದುದೊಂದನ್ನೇ ಹೆಚ್ಚಾಗಿ ಪಡೆಯುವ ವಿಧಾನವನ್ನು ರೂಪಿಸಿದರು.

೭

ಷಿಫ್ ಕೈಜೋಡಿಸಿ ಕಟ್ಟಿದ ಪತ್ರಿಕೆಯ ಗತಿ ಏನಾಯಿತೆಂಬುದನ್ನೂ ಹೇಳಬೇಕು. ಗಾಜೆಟ್ಟಾ ನೂರಿಪ್ಪತ್ತೇಳು ಸಂಪುಟಗಳನ್ನು ಕಂಡಿತು. ಕೊನೆಯ ದಶಕಗಳಲ್ಲಿ ಅದರ ಪುಟಗಳಿಗೆ ಇಂಗ್ಲಿಷ್ ಬಂದಿತು. ೧೯೯೭ರ ಬಳಿಕ ಅದು ಯೂರೋಪಿನ ಇತರ ದೇಶಗಳ ಪತ್ರಿಕೆಗಳೊಂದಿಗೆ ಸೇರಿ, ಇಂಗ್ಲಿಷ್ ಭಾಷೆಯ ಸಂಯುಕ್ತ ಯೂರೋಪಿಯನ್ ಪತ್ರಿಕೆಗಳಲ್ಲಿ ಲೀನವಾಯಿತು. ಷಿಫ್‌ನ ೧೮೬೪ರ ಲೇಖನವನ್ನು ಪ್ರಕಟಿಸಿದ್ದ ಜರ್ಮನ್ ಅನ್ನಾಲೆನ್ ಪತ್ರಿಕೆಗೂ ಅದೇ ಗತಿಯಾಯಿತು. ಒಂದು ಕಾಲದಲ್ಲಿ ಪ್ರಬಲವಾಗಿದ್ದ ಭಾಷೆಯೂ ಅದರೆದುರು ತಲೆಯೆತ್ತಿದ ಭಾಷೆಯೂ ಒಂದೇ ನೆರಳಿನ ಕೆಳಗೆ ಬಂದುವು.

ನಮ್ಮಲ್ಲಿ ೧೯೧೮ರಲ್ಲಿ, ಷಿಫ್ ತೀರಿಕೊಂಡ ಮೂರು ವರ್ಷಗಳಿಗೆ, ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ಬೆಂಗಳೂರಿನಿಂದ ವಿಜ್ಞಾನ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ನಡೆದದ್ದು ಎರಡೇ ವರ್ಷ. ನೂರಿಪ್ಪತ್ತೇಳು ಸಂಪುಟಗಳ ಮುಂದೆ ಎರಡು ವರ್ಷ ಅಲ್ಪವೆಂದು ತೋರಬಹುದು. ಆದರೆ ಇಂಥ ಪ್ರಯತ್ನಗಳ ಬೆಲೆಯನ್ನು ಆಯುಸ್ಸಿನಿಂದ ಅಳೆಯುವಂತಿಲ್ಲ. ಅಂಥ ಪುಟಗಳಲ್ಲಿ ಅಚ್ಚಾಗಿ, ತಿದ್ದಿಸಿಕೊಂಡು, ಬಳಕೆಗೆ ಬಂದು ಪಠ್ಯಪುಸ್ತಕಗಳವರೆಗೆ ನಡೆದ ಪದಗಳಿಲ್ಲದಿದ್ದರೆ ಈ ಲೇಖನವನ್ನು ಕನ್ನಡದಲ್ಲಿ ಬರೆಯುವುದು ಕಷ್ಟವಾಗುತ್ತಿತ್ತು. ಷಿಫ್‌ನ ಹಸಿರು ಹರಳು ವೆರ್ನರ್‌ನ ಪರಿಭಾಷೆಗಾಗಿ ಕಾಲು ಶತಮಾನ ಕಾಯಬೇಕಾಯಿತು. ಪರಿಭಾಷೆಯ ಕೆಲಸ ಶಾಸ್ತ್ರದ ಹೊರಗಿನ ಅಲಂಕಾರವಲ್ಲ, ಅದು ಶಾಸ್ತ್ರದ ಒಳಗಿನದೇ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ಕನ್ನಡ ವಿಭಾಗಗಳಲ್ಲಿ ನಿಘಂಟು, ಪದಕೋಶ, ಅನುವಾದಗಳಲ್ಲಿ ತೊಡಗಿರುವವರು ತಮ್ಮ ದುಡಿಮೆಯನ್ನು ಈ ಬೆಳಕಿನಲ್ಲಿ ನೋಡಿಕೊಳ್ಳಬಹುದು.

ಫ್ಲಾರೆನ್ಸ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗ ಇಂದು ಅವನ ಹೆಸರನ್ನೇ ಧರಿಸಿದೆ. ಅಲ್ಲಿ ಬರೆದಿರುವುದು ಫ್ರಾಂಕ್‌ಫರ್ಟಿನಲ್ಲಿ ಇಟ್ಟ ಹೂಗೊ ಎಂಬ ಹೆಸರಲ್ಲ, ಇಟಲಿ ತನ್ನ ನಾಲಗೆಗೆ ಒಗ್ಗಿಸಿಕೊಂಡ ಊಗೊ ಎಂಬ ಹೆಸರು.